ಗದಾಯುದ್ಧದಲ್ಲಿ ಬಂಧುಭಾವ

೧

ಪಾಣಿನಿಮುನಿಯು ತದ್ಧಿತಪ್ರಕರಣದಲ್ಲಿ 'ಭ್ರಾತೃವ್ಯ' ಎಂಬ ಶಬ್ದವನ್ನು ಎರಡು ಸೂತ್ರಗಳಿಂದ ಸಾಧಿಸಿದ್ದಾನೆ. ಒಡಹುಟ್ಟಿದವನ ಮಗನೆಂಬ ಅರ್ಥವು ವಿವಕ್ಷಿತವಾದಾಗ ಭ್ರಾತೃಶಬ್ದಕ್ಕೆ 'ವ್ಯತ್' ಪ್ರತ್ಯಯವೂ, ಶತ್ರುವೆಂಬ ಅರ್ಥವು ವಿವಕ್ಷಿತವಾದಾಗ 'ವ್ಯನ್' ಪ್ರತ್ಯಯವೂ ವಿಹಿತವಾಗಿವೆ. ಎರಡೆಡೆಗಳಲ್ಲಿಯೂ ಸಿದ್ಧವಾಗುವ ರೂಪವು ಒಂದೇ. ಅನುಬಂಧದ ಬಲದಿಂದ ಸ್ವರದಲ್ಲಿ ಮಾತ್ರ ಭೇದವುಂಟು. ಒಂದರಲ್ಲಿ ಕೊನೆಯ ಅಕ್ಷರವು ಸ್ವರಿತ, ಮತ್ತೊಂದರಲ್ಲಿ ಮೊದಲಿನ ಅಕ್ಷರವು ಉದಾತ್ತ. ಸ್ವರವು ಲೋಪವಾದ ಲೌಕಿಕ ಸಂಸ್ಕೃತದಲ್ಲಿ ಆ ಭೇದವೂ ಉಳಿಯಲಿಲ್ಲ. ಮಗನ ಸ್ಥಾನದಲ್ಲಿ ನಿಲ್ಲತಕ್ಕವನೂ ಹಗೆಯೂ ಒಂದೇ ಹೆಸರಿನಿಂದ ಕರೆಯಲ್ಪಟ್ಟರು. ದಾಯವನ್ನು ಪಡೆಯತಕ್ಕವನೆಂಬಷ್ಟೇ ಅರ್ಥವುಳ್ಳ 'ದಾಯಾದ' ಶಬ್ದವು ಕನ್ನಡದಲ್ಲಿ 'ದಾಯಾದಿ' ಎಂದಾಗಿ, ಮತ್ಸರದ ಧ್ವನಿಯಿಲ್ಲದೆ ಪ್ರಯೋಗಕ್ಕೆ ಬರುವುದೇ ಅಪೂರ್ವವಾದುದೂ ಇದೇ ಲೋಕಾನುಭವದ ಫಲ. ಒಂದು ಮನೆಯಲ್ಲಿ ಹುಟ್ಟಿದವರ ನಡುವೆ ಪ್ರೀತಿಯೂ ವೈರವೂ ಎಷ್ಟು ಹತ್ತಿರದಲ್ಲಿ ನೆಲೆಸಿವೆಯೆಂಬುದನ್ನು ಶಬ್ದಶಾಸ್ತ್ರವೇ ಹೀಗೆ ದಾಖಲೆಮಾಡಿದೆ.

ಭಾರತಕಥೆಯೆಲ್ಲವೂ ಈ ಎರಡು ಅರ್ಥಗಳ ನಡುವಣ ಕಥೆಯೇ ಆಗಿದೆ. ಅದನ್ನು ಕನ್ನಡದಲ್ಲಿ ಹೇಳಿದ ಕವಿಗಳ ಪೈಕಿ ರನ್ನನು ಕಥೆಯ ಕೊನೆಯ ದಿನವೊಂದನ್ನೇ ಹಿಡಿದು, ಹಿಂದಿನದೆಲ್ಲವನ್ನೂ ಸಿಂಹಾವಲೋಕನಕ್ರಮದಿಂದ ಅದರಲ್ಲಿ ಅಡಗಿಸಿ, ಹತ್ತು ಆಶ್ವಾಸಗಳ 'ಸಾಹಸಭೀಮವಿಜಯ'ವನ್ನು ರಚಿಸಿದನು. 'ಗದಾಯುದ್ಧ'ವೆಂಬುದೇ ಅದರ ರೂಢಿಯ ಹೆಸರು. ಕಾವ್ಯವು ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಅಭೇದಮಾಡಿ ಹೊಗಳುವುದಕ್ಕಾಗಿ ಹುಟ್ಟಿದುದು. ಹೀಗಿದ್ದರೂ ಓದುಗರ ಮನಸ್ಸನ್ನು ಸೆರೆಹಿಡಿಯುವವನು ದುರ್ಯೋಧನನು. ೧೯೨೬ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯವನ್ನೇ ಆಧಾರವಾಗಿಟ್ಟುಕೊಂಡು 'ಗದಾಯುದ್ಧ ನಾಟಕಂ' ಎಂಬುದನ್ನು ಅಳವಡಿಸಿದ ಮೇಲೆ, ದುರ್ಯೋಧನನು ದುರಂತನಾಯಕನೆಂಬ ದೃಷ್ಟಿಯು ವಿಮರ್ಶಕರಲ್ಲಿ ಬೇರೂರಿತು. ಆ ದೃಷ್ಟಿಗೆ ಮುಖ್ಯವಾದ ಆಧಾರಗಳಲ್ಲಿ ಒಂದು ಅವನ ಬಂಧುಪ್ರೇಮ. ತಮ್ಮನಿಗಾಗಿ, ಮಗನಿಗಾಗಿ, ಮಿತ್ರನಿಗಾಗಿ ಇಷ್ಟು ಅಳಬಲ್ಲವನು ನೀಚನಾಗಲಾರನು. ಅವನ ದೋಷಗಳನ್ನು ಈ ಕಣ್ಣೀರು ತೊಳೆಯುತ್ತದೆ ಎಂಬುದು ಆ ಪಕ್ಷದ ಸಾರ.

ಈ ಪೂರ್ವಪಕ್ಷದಲ್ಲಿ ಸತ್ಯಾಂಶವಿಲ್ಲದಿಲ್ಲ. ದುರ್ಯೋಧನನ ಬಂಧುಪ್ರೇಮವು ನಟನೆಯಲ್ಲ. ಕವಿಯು ಅದನ್ನು ನಟನೆಯೆಂದು ಎಲ್ಲಿಯೂ ಸೂಚಿಸಿಲ್ಲ. ಆದರೆ ಆ ಪ್ರೇಮವು ಅವನ ದೋಷಕ್ಕೆ ಪ್ರತಿಯಾಗಿ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡಬಹುದಾದ ಗುಣವೆಂಬುದು ಮಾತ್ರ ವಿಚಾರಣೀಯವಾಗಿದೆ. ಕಾವ್ಯದ ಕ್ರಮವನ್ನು ಅನುಸರಿಸಿ ನೋಡಿದರೆ, ಕುರುಕುಲದ ಕೊನೆಯ ಸಂಧಿಯನ್ನು ಮುರಿದುದು ಈ ಪ್ರೇಮವೇ ಎಂಬುದು ತಿಳಿಯುತ್ತದೆ. ಬಂಧುಭಾವಕ್ಕೆ ಒಂದು ಗೋಡೆಯನ್ನು ಕಟ್ಟಿದರೆ ಅದು ಒಳಗಿನವರನ್ನೂ ಕಾಯಲಾರದೆಂಬುದನ್ನು ರನ್ನನು ಉಪದೇಶದ ಒಂದು ಮಾತೂ ಇಲ್ಲದೆ, ಶವಗಳ ನಡುವೆ ನಡೆವ ಒಬ್ಬ ಅರಸನ ನಡಗೆಯಿಂದಲೇ ತೋರಿಸಿದ್ದಾನೆ.

೨

ಈ ನಡಗೆಯು ರನ್ನನಿಗೆ ಎಲ್ಲಿಂದ ದೊರಕಿತೆಂಬುದನ್ನು ಮೊದಲು ನೋಡತಕ್ಕದ್ದು. ವ್ಯಾಸಭಾರತದ ಶಲ್ಯಪರ್ವದಲ್ಲಿ ಸೇನೆಯೆಲ್ಲವೂ ಅಳಿದ ಬಳಿಕ ದುರ್ಯೋಧನನು ಗದೆಯೊಂದನ್ನೇ ಹಿಡಿದು ಒಬ್ಬನೇ ಕಾಲ್ನಡಗೆಯಿಂದ ಹೊರಡುತ್ತಾನೆ. ದಾರಿಯಲ್ಲಿ ಸಂಜಯನು ಎದುರಾಗುತ್ತಾನೆ. ಅರಸನು ತಮ್ಮಂದಿರ ವಿಷಯವನ್ನು ಕೇಳಿ, ತಂದೆಗೆ ವಾರ್ತೆಯನ್ನು ಹೇಳಿ ಕಳುಹಿಸಿ, ದ್ವೈಪಾಯನಹ್ರದವನ್ನು ಹೊಗುತ್ತಾನೆ. ಅಲ್ಲಿ ಒಬ್ಬೊಬ್ಬರ ಶವದ ಬಳಿಯಲ್ಲಿ ನಿಂತು ಅಳುವ ಪ್ರಸಂಗವಿಲ್ಲ. ವ್ಯಾಸರು ಆ ಅಳಲನ್ನು ಯುದ್ಧವು ಮುಗಿದ ಮೇಲೆ ಬರುವ ಸ್ತ್ರೀಪರ್ವಕ್ಕೆ ಮೀಸಲಿಟ್ಟಿದ್ದಾರೆ. ಅಲ್ಲಿ ರಣಭೂಮಿಯನ್ನು ಕಂಡು ಅಳುವವಳು ಗಾಂಧಾರಿ. ಅವಳು ತನ್ನ ಮಕ್ಕಳಿಗಾಗಿ ಅಳುವಂತೆಯೇ ಅಭಿಮನ್ಯುವಿಗಾಗಿಯೂ ಅಳುತ್ತಾಳೆ. ಆ ಪರ್ವದ ಕೊನೆಯಲ್ಲಿ ಗಂಗೆಯ ತೀರದಲ್ಲಿ ಮೃತರಿಗೆ ಜಲಾಂಜಲಿಯನ್ನು ಕೊಡುವಾಗ ಕುಂತಿಯು, ಕರ್ಣನು ನಿಮ್ಮ ಹಿರಿಯಣ್ಣನು, ಅವನಿಗೂ ನೀರೆರೆಯಿರಿ ಎಂದು ಮಕ್ಕಳಿಗೆ ತಿಳಿಸುತ್ತಾಳೆ. ಬದುಕಿರುವಾಗ ಎರಡಾಗಿದ್ದ ಕುಲವು ತರ್ಪಣದ ನೀರಿನಲ್ಲಿ ಒಂದಾಗುತ್ತದೆ. ಆದರೆ ಆಗ ಉಳಿದವರು ಕೆಲವರೇ.

ಸಂಸ್ಕೃತನಾಟಕಕಾರರು ಈ ವಸ್ತುವನ್ನು ಬೇರೆಬೇರೆ ಬಗೆಯಾಗಿ ತಿದ್ದಿಕೊಂಡರು. ಭಟ್ಟನಾರಾಯಣನ 'ವೇಣೀಸಂಹಾರ'ದ ಐದನೆಯ ಅಂಕದಲ್ಲಿ ಧೃತರಾಷ್ಟ್ರ ಗಾಂಧಾರಿಯರು ರಣಭೂಮಿಗೇ ಬಂದು, ಅಳಿದುಳಿದ ಮಗನಿಗೆ ಸಂಧಿಯನ್ನು ಬೋಧಿಸುತ್ತಾರೆ, ಅವನು ಒಪ್ಪುವುದಿಲ್ಲ. ರನ್ನನು ಈ ಸನ್ನಿವೇಶಕ್ಕೆ ಋಣಿಯೆಂಬುದನ್ನು ಪಂಡಿತರು ತೋರಿಸಿಕೊಟ್ಟಿದ್ದಾರೆ. ೧೯೧೨ರಿಂದ ತಿರುವನಂತಪುರದಲ್ಲಿ ಟಿ. ಗಣಪತಿಶಾಸ್ತ್ರಿಗಳು ಭಾಸನ ಹೆಸರಿನಲ್ಲಿ ಪ್ರಕಟಿಸಿದ ರೂಪಕಗಳಲ್ಲಿ ಒಂದಾದ 'ಊರುಭಂಗ'ದಲ್ಲಿ ತೊಡೆಮುರಿದು ಬಿದ್ದ ದುರ್ಯೋಧನನ ಬಳಿಗೆ ಅವನ ಎಳೆಯ ಮಗನಾದ ದುರ್ಜಯನು ಬಂದು ಎಂದಿನಂತೆ ತೊಡೆಯನ್ನೇರಲು ಹವಣಿಸುತ್ತಾನೆ. ತಂದೆಯು ಅವನನ್ನು ತಡೆದು, ಇನ್ನು ಮೇಲೆ ಪಾಂಡವರನ್ನು ತನ್ನಂತೆಯೇ ಸೇವಿಸಬೇಕೆಂದೂ ಕುಂತಿಯ ಮಾತಿನಂತೆ ನಡೆಯಬೇಕೆಂದೂ ಅಭಿಮನ್ಯುವಿನ ತಾಯಿಯನ್ನೂ ದ್ರೌಪದಿಯನ್ನೂ ತಾಯಿಯೆಂದು ಭಾವಿಸಬೇಕೆಂದೂ ಹೇಳುತ್ತಾನೆ. ಆ ರೂಪಕದ ದುರ್ಯೋಧನನು ಸಾಯುವುದಕ್ಕೆ ಮುಂಚೆ ಗೋಡೆಯನ್ನು ತಾನೇ ಕೆಡವಿಬಿಡುತ್ತಾನೆ.

ಕನ್ನಡದಲ್ಲಿ ಪಂಪನು ೯೪೧ರಲ್ಲಿ ಮುಗಿಸಿದ 'ವಿಕ್ರಮಾರ್ಜುನವಿಜಯ'ದ ಹದಿಮೂರನೆಯ ಆಶ್ವಾಸವೇ ರನ್ನನಿಗೆ ಬೀಜವಾಯಿತು. ಪಂಪನಲ್ಲಿ ಸಂಕ್ಷೇಪವಾಗಿದ್ದುದನ್ನು ರನ್ನನು ಬೆಳೆಸಿದನು. ಬೆಳೆಸುವಾಗ ಅವನು ಮಾಡಿದ ಮುಖ್ಯವಾದ ಮಾರ್ಪಾಡು ಇದು: ವ್ಯಾಸರು ಯುದ್ಧಾನಂತರ ಹೆಂಗಸರ ಬಾಯಲ್ಲಿ ಇಟ್ಟ ಅಳಲನ್ನು, ಯುದ್ಧವನ್ನು ಇನ್ನೂ ನಿಲ್ಲಿಸಬಹುದಾದ ಗಳಿಗೆಯಲ್ಲಿ, ನಿಲ್ಲಿಸುವ ಅಧಿಕಾರವುಳ್ಳ ಒಬ್ಬನೇ ಗಂಡಸಿನ ಬಾಯಲ್ಲಿ ಇಟ್ಟನು. ಸ್ತ್ರೀಪರ್ವದ ಶೋಕದಿಂದ ಆಗಬಹುದಾದ ಕಾರ್ಯವೊಂದೂ ಉಳಿದಿರಲಿಲ್ಲ. ಗದಾಯುದ್ಧದ ಶೋಕದಿಂದ ಆಗಬಹುದಾದ ಕಾರ್ಯವು ಒಂದಿತ್ತು. ಅದು ಏಕೆ ಆಗಲಿಲ್ಲವೆಂಬುದೇ ಕಾವ್ಯದ ಪ್ರಶ್ನೆ.

೩

ಧೃತರಾಷ್ಟ್ರ ಗಾಂಧಾರಿಯರು ಮಗನನ್ನು ಬೇಡುವುದು ರಾಜನೀತಿಯ ಸಂಧಿಯನ್ನಲ್ಲ. ನೂರು ಮಕ್ಕಳಲ್ಲಿ ಒಬ್ಬನುಳಿದರೆ ತಮಗೆ ಎಲ್ಲರೂ ಉಳಿದಂತೆಯೇ ಎಂಬುದು ಆ ಮುದುಕರ ಹಂಬಲ. ಇದಕ್ಕೆ ದುರ್ಯೋಧನನು ಕೊಡುವ ಉತ್ತರವು ಕಾವ್ಯದ ಹೃದಯಸ್ಥಾನವಾಗಿದೆ. ತಾನು ಹೋರುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ. ಕರ್ಣನನ್ನು ಕೊಲ್ಲಿಸಿದ ಈ ನೆಲವು ತನಗೆ ಪಾಳ್ನೆಲವೆಂದೂ ಅದರೊಡನೆ ಮತ್ತೆ ಕೂಡಿ ಬಾಳುವುದುಂಟೇ ಎಂದೂ ಕೇಳುತ್ತಾನೆ. ಇಲ್ಲಿ ಕವಿಯು ಬಳಸಿರುವ ಧಾತುವು 'ಪುದುವಾಳ್' ಎಂಬುದು. 'ಪುದು' ಎಂದರೆ ಸಮಭಾಗಿತ್ವ. ಪುದುವಾಳ್ಕೆಯೆಂದರೆ ಪಾಲುಮಾಡದೆ ಕೂಡಿ ಬಾಳುವ ಬಾಳು. ಅಣ್ಣತಮ್ಮಂದಿರೊಡನೆ ಪುದುವಾಳಬೇಕೆಂದು ತಂದೆತಾಯಿಗಳು ಬೇಡುತ್ತಿರುವಾಗ, ಮಗನು ಆ ಮಾತನ್ನು ಮನುಷ್ಯರಿಂದ ಎತ್ತಿ ನೆಲಕ್ಕೆ ಹೊಂದಿಸಿ ನಿರಾಕರಿಸುತ್ತಾನೆ. ಮನುಷ್ಯರ ವಿಷಯವಾಗಿ ಅವನು ಹೇಳುವುದು ಇನ್ನೂ ಸ್ಪಷ್ಟವಾಗಿದೆ. ಕರ್ಣನನ್ನೂ ದುಶ್ಶಾಸನನನ್ನೂ ಕೊಂದ ಅರ್ಜುನ ಭೀಮರು ಇರುವ ತನಕ ಸಂಧಿಯು ಸಲ್ಲದು. ಮೊದಲು ಅವರಿಬ್ಬರನ್ನು ಮುಗಿಸಿ ಆಮೇಲೆ ಸಂಧಿ.

ಈ ಮಾತಿನ ಅಸಂಗತಿಯನ್ನು ಗಮನಿಸಬೇಕು. ಇಬ್ಬರು ತಮ್ಮಂದಿರನ್ನು ಕಳೆದುಕೊಂಡ ಧರ್ಮಜನು ಆಗ ಸಂಧಿಗೆ ಒಪ್ಪುವನೆಂದು ದುರ್ಯೋಧನನು ಭಾವಿಸುತ್ತಾನೆ. ಒಬ್ಬ ತಮ್ಮನಿಗಾಗಿ ತಾನು ಬಿಡಲಾರದ ವೈರವನ್ನು ಧರ್ಮಜನು ಇಬ್ಬರು ತಮ್ಮಂದಿರಿಗಾಗಿಯೂ ಬಿಡಬೇಕು! ತಮ್ಮನೆಂಬವನು ತನಗೆ ಎಷ್ಟು ಪ್ರಿಯನೋ ಅಷ್ಟೇ ಇನ್ನೊಬ್ಬ ಅಣ್ಣನಿಗೂ ಪ್ರಿಯನಾಗಿರಬಹುದೆಂಬ ಯೋಚನೆಯು ಅವನಿಗೆ ಹೊಳೆಯುವುದೇ ಇಲ್ಲ. ಇದು ಪ್ರೇಮದ ಕೊರತೆಯಲ್ಲ. ಪ್ರೇಮವು ಗೋಡೆಯ ಆಚೆಗೆ ಹೋಗದಿರುವಿಕೆ.

ಭೀಷ್ಮನನ್ನಾದರೂ ಕಂಡು ಕೇಳೆಂದು ತಂದೆತಾಯಿಗಳು ಹೇಳಲು, ದುರ್ಯೋಧನನು ಸಂಜಯನೊಡನೆ ಹೊರಡುತ್ತಾನೆ. ಶರಶಯ್ಯೆಯ ದಾರಿಯು ಹೆಣಗಳ ನಡುವೆ ಹಾದುಹೋಗುತ್ತದೆ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಎಂಬ ಕ್ರಮದಲ್ಲಿ ಅವನು ಒಬ್ಬೊಬ್ಬರನ್ನಾಗಿ ಕಾಣುತ್ತಾನೆ. ಗುರು, ಹಗೆಯ ಮಗ, ತನ್ನ ಮಗ, ತಮ್ಮ, ಮಿತ್ರ: ಕವಿಯು ಜೋಡಿಸಿರುವ ಈ ಸಾಲು ಆಕಸ್ಮಿಕವೆಂದು ತೋರುವುದಿಲ್ಲ.

ಮಗನನ್ನೂ ತಮ್ಮನನ್ನೂ ಕುರಿತ ವಿಲಾಪಗಳಲ್ಲಿ ಒಂದು ಸಾಮ್ಯವಿದೆ. ಲಕ್ಷಣನನ್ನು ಕಂಡಾಗ ತಂದೆಯು ಆಡುವುದು ಜಲಾಂಜಲಿಯ ಮಾತು. ಮಗನು ತಂದೆಗೆ ನೀರೆರೆಯುವುದು ಉಚಿತ; ಅದು ಕೆಟ್ಟು ತಂದೆಯು ಮಗನಿಗೆ ಎರೆಯುವಂತಾಯಿತು; ಕ್ರಮವು ತಲೆಕೆಳಗಾಯಿತು. ದುಶ್ಶಾಸನನನ್ನು ಕಂಡಾಗ ಅಣ್ಣನು ಎಳವೆಯನ್ನು ನೆನೆಯುತ್ತಾನೆ. ತಾಯಿಯ ಮೊಲೆಹಾಲು ಮೊದಲು ತನ್ನದು, ಆಮೇಲೆ ತಮ್ಮನದು. ಮುಂದೆ ಎಲ್ಲ ಉಣಿಸುಗಳಲ್ಲಿಯೂ ಹಾಗೆಯೇ. ವಿನಯವನ್ನು ಎಂದೂ ಮೀರದ ತಮ್ಮನು ಸಾವಿನಲ್ಲಿ ಮಾತ್ರ ಮುಂದಾದನು. ಎರಡರಲ್ಲಿಯೂ ಅಳಲಿನ ಆಧಾರವು 'ಕ್ರಮ'ವೆಂಬುದೇ. ರಾಜ್ಯದ ಮಾತು, ಪರಾಕ್ರಮದ ಮಾತು ಇಲ್ಲಿ ಗೌಣ. ಒಂದು ಮನೆಯೊಳಗೆ ಹಿರಿಯರು ಕಿರಿಯರೆಂಬ ವ್ಯವಸ್ಥೆ, ಯಾರು ಮೊದಲು ಉಣ್ಣಬೇಕು, ಯಾರು ಯಾರಿಗೆ ನೀರೆರೆಯಬೇಕು ಎಂಬ ದಿನದಿನದ ನಡವಳಿಕೆಯೇ ಕುಟುಂಬವೆಂಬುದರ ಶರೀರ. ಆ ನಡವಳಿಕೆಯು ಮುರಿದುದನ್ನು ಹೇಳಿದರೆ ಕುಟುಂಬವು ಮುರಿದುದನ್ನು ಹೇಳಿದಂತೆಯೇ ಆಗುತ್ತದೆ. ಮಹಾಕುಲದ ಅರಸನ ಶೋಕವನ್ನು ಹೇಳುವುದಕ್ಕೆ ರನ್ನನು ತಾಯಿಯ ಎದೆಹಾಲಿಗಿಂತ ದೊಡ್ಡ ಉಪಮಾನವನ್ನು ಹುಡುಕಲಿಲ್ಲ.

ಪೂರ್ವಾವಸ್ಥೆಯ ಸ್ಮರಣೆಯು ಕರುಣವನ್ನು ಪೋಷಿಸುತ್ತದೆಯೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ವಿವರಿಸಿದ್ದಾನೆ. ಅವನು ಎತ್ತಿಕೊಂಡಿರುವ ಉದಾಹರಣೆಯು ಸ್ತ್ರೀಪರ್ವದ್ದು. ಭೂರಿಶ್ರವನ ಕಡಿದುಬಿದ್ದ ತೋಳನ್ನು ಕಂಡ ಹೆಂಡತಿಯರ ಅಳಲು. ಅಲ್ಲಿ ನೆನಪಾಗುವುದು ದಾಂಪತ್ಯದ ಶೃಂಗಾರ. ರನ್ನನಲ್ಲಿ ನೆನಪಾಗುವುದು ತೊಟ್ಟಿಲಿನ ವಾತ್ಸಲ್ಯ. ಲಕ್ಷಣಗ್ರಂಥದ ಸೂತ್ರವನ್ನು ಕವಿಯು ತನ್ನ ವಸ್ತುವಿಗೆ ತಕ್ಕಂತೆ ಬದಲಿಸಿಕೊಂಡುದಕ್ಕೆ ಇದು ಒಳ್ಳೆಯ ನಿದರ್ಶನ.

೪

ಕರ್ಣನ ಬಳಿಯಲ್ಲಿ ವಿಲಾಪದ ರೀತಿಯು ಬೇರೆಯಾಗುತ್ತದೆ. ಅಲ್ಲಿ ಕ್ರಮದ ಮಾತಿಲ್ಲ. ಕರ್ಣನು ಆ ಮನೆಯಲ್ಲಿ ಹುಟ್ಟಿದವನಲ್ಲ. ಕರ್ಣನಿದ್ದರೆ ರಾಜ್ಯವುಂಟು, ಪಟ್ಟವುಂಟು; ಅವನಿಲ್ಲದೆ ಏನೂ ಇಲ್ಲ ಎಂಬುದು ಅಲ್ಲಿಯ ಭಾವ. ಹುಟ್ಟಿನಿಂದ ಬಂದ ಬಂಧುತ್ವಕ್ಕಿಂತ ಸ್ನೇಹದಿಂದ ಪಡೆದ ಬಂಧುತ್ವವು ಕಡಿಮೆಯದಲ್ಲವೆಂದು ಹೇಳುವ ಈ ಭಾಗವನ್ನು ಓದುಗರು ಮೆಚ್ಚುವುದು ಸಹಜ. ಆದರೆ ಇದೇ ಭಾಗದಲ್ಲಿ ದುರ್ಯೋಧನನು ಇನ್ನೊಂದನ್ನೂ ಹೇಳುತ್ತಾನೆ. ಕರ್ಣನು ಯಾರ ಮಗನೆಂಬುದನ್ನು ತಾನು ಬಲ್ಲೆನೆಂದೂ, ಕುಂತಿ, ಕೃಷ್ಣ, ಸೂರ್ಯ, ಸಹದೇವರು ಬಲ್ಲರೆಂದೂ, ಉಳಿದವರಾರೂ ಅರಿಯರೆಂದೂ ಹೆಣದ ಮುಂದೆ ನುಡಿಯುತ್ತಾನೆ.

ಇದು ಸಾಮಾನ್ಯವಾದ ಮಾತಲ್ಲ. ವ್ಯಾಸಭಾರತದಲ್ಲಿ ಕುಂತಿಯು ಯುದ್ಧಾನಂತರ ಹೊರಗೆಡಹುವ ರಹಸ್ಯವನ್ನು ರನ್ನನ ದುರ್ಯೋಧನನು ಮೊದಲೇ ತಿಳಿದಿದ್ದಾನೆ. ಹಗೆಗಳ ಹಿರಿಯಣ್ಣನನ್ನು ತನ್ನ ಪಕ್ಷದಲ್ಲಿ ನಿಲ್ಲಿಸಿಕೊಂಡು, ಒಡಹುಟ್ಟಿದವರನ್ನು ಒಡಹುಟ್ಟಿದವನಿಂದ ಕೊಲ್ಲಿಸಲು ಹವಣಿಸಿ, ಕೊನೆಗೆ ಒಡಹುಟ್ಟಿದವನಿಂದಲೇ ಅವನನ್ನು ಕೊಲ್ಲಿಸಿಕೊಂಡವನು ತಾನೆಂಬುದು ಅವನಿಗೆ ಗೊತ್ತು. ತನ್ನ ಮನೆಯ ಕ್ರಮಭಂಗಕ್ಕಾಗಿ ಅತ್ತವನು ಇನ್ನೊಂದು ಮನೆಯ ಕ್ರಮವನ್ನು ಬುಡದಲ್ಲಿಯೇ ಕಡಿದಿದ್ದನು. ಕವಿಯು ಇದನ್ನು ನಿಂದೆಯ ಮಾತಿನಿಂದ ತೋರಿಸದೆ ಅತ್ಯಂತ ಕೋಮಲವಾದ ಶೋಕದ ನಡುವೆಯೇ ಅವನ ಬಾಯಿಂದಲೇ ಹೊರಡಿಸಿದುದು ಗಮನಾರ್ಹ. ಓದುಗನು ಆ ಕ್ಷಣದಲ್ಲಿ ಅವನೊಡನೆ ಅಳುತ್ತಾನೆ. ಅಳುತ್ತಳುತ್ತಲೇ ಅವನ ಅಪರಾಧವನ್ನೂ ಕಾಣುತ್ತಾನೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ವೀರವು ಅಂಗಿಯಾದ ಕಾವ್ಯದಲ್ಲಿ ಕರುಣವು ಅಂಗರಸವಾಗಿ ಬಂದಿದೆ. ಪ್ರತಿನಾಯಕನನ್ನು ಎತ್ತರಿಸಿದಷ್ಟೂ ಅವನನ್ನು ಗೆಲ್ಲುವ ನಾಯಕನ ಹಿರಿಮೆಯು ಹೆಚ್ಚುತ್ತದೆ. ಅದಕ್ಕಾಗಿಯೇ ಈ ವಿಲಾಪಗಳು, ಅವುಗಳಲ್ಲಿ ಬೇರೆ ತಾತ್ಪರ್ಯವನ್ನು ಹುಡುಕುವುದು ಕ್ಲಿಷ್ಟಕಲ್ಪನೆ ಎಂದು. ಇದಕ್ಕೆ ಸಮಾಧಾನವೇನೆಂದರೆ, ಅಷ್ಟೇ ಉದ್ದೇಶವಾಗಿದ್ದರೆ ಕರ್ಣ ದುಶ್ಶಾಸನರ ವಿಲಾಪಗಳು ಸಾಕಾಗುತ್ತಿದ್ದುವು. ಅಭಿಮನ್ಯುವಿನ ಶವದ ಬಳಿಯಲ್ಲಿ ದುರ್ಯೋಧನನನ್ನು ನಿಲ್ಲಿಸುವ ಆವಶ್ಯಕತೆಯಿರಲಿಲ್ಲ. ಭೀಮನ ಹಿರಿಮೆಗೆ ಅದರಿಂದ ಒದಗುವುದೇನೂ ಇಲ್ಲ. ಆದುದರಿಂದ ಆ ಪ್ರಸಂಗಕ್ಕೆ ಬೇರೆ ಪ್ರಯೋಜನವನ್ನು ಹೇಳಬೇಕಾಗುತ್ತದೆ.

ಅಭಿಮನ್ಯುವು ಹಲವರು ಮಹಾರಥರ ನಡುವೆ ಒಬ್ಬನಾಗಿ ಹೋರಾಡಿ ಬಿದ್ದವನು. ಬೀಳುವುದಕ್ಕೆ ಮುಂಚೆ, ಅದೇ ದಿನ, ಲಕ್ಷಣಕುಮಾರನನ್ನು ಕೊಂದವನು ಅವನೇ ಎಂದು ದ್ರೋಣಪರ್ವವು ಹೇಳುತ್ತದೆ. ಹೀಗಿರಲು, ತನ್ನ ಮಗನ ಶವವನ್ನು ಕಾಣುವುದಕ್ಕಿಂತ ಮೊದಲು ದುರ್ಯೋಧನನು ತನ್ನ ಮಗನನ್ನು ಕೊಂದವನ ಶವವನ್ನು ಕಾಣುತ್ತಾನೆ. ಕಂಡು ಮಾಡುವುದೇನು? ಆ ಹುಡುಗನ ವಿಕ್ರಮವು ಬೇರೆಯವರಿಗೆ ಅಸಂಭವವೆಂದು ಕೊಂಡಾಡುತ್ತಾನೆ. ಆ ಸಾಹಸದ ಒಂದಂಶವಾದರೂ ಒದಗಿದಂಥ ಮರಣವು ತನಗೆ ಆಗಲೆಂದು ಅವನನ್ನೇ ಬೇಡಿಕೊಳ್ಳುತ್ತಾನೆ. ಮಗನನ್ನು ಕೊಂದವನ ಮೇಲೆ ಇಲ್ಲದ ವೈರವು ತಮ್ಮನನ್ನು ಕೊಂದವನ ಮೇಲೆ ಮಾತ್ರ ಏಕೆ? ಒಬ್ಬನು ಸತ್ತಿದ್ದಾನೆ, ಮತ್ತೊಬ್ಬನು ಬದುಕಿದ್ದಾನೆ, ವ್ಯತ್ಯಾಸವು ಇಷ್ಟೇ. ಗೋಡೆಯ ಆಚೆಯವನನ್ನು ತನ್ನವನೆಂದು ಕಾಣುವ ಶಕ್ತಿಯು ದುರ್ಯೋಧನನಿಗೆ ಇಲ್ಲದಿರಲಿಲ್ಲವೆಂಬುದು ಈ ಪ್ರಸಂಗದಿಂದ ಸಿದ್ಧವಾಗುತ್ತದೆ. ಇದ್ದ ಶಕ್ತಿಯನ್ನು ಅವನು ಸತ್ತವರಿಗೆ ಮಾತ್ರ ವಿನಿಯೋಗಿಸಿದನು. ಮುಂದೆ ಭೀಷ್ಮನು ಸಂಧಿಯ ಮಾತೆತ್ತಿದಾಗಲೂ, ತಾನು ಬಂದುದು ಪೊಡಮಟ್ಟು ಹೋಗುವುದಕ್ಕೆಂದೇ ಹೊರತು ಸಂಧಿಗಲ್ಲವೆಂದು ಉತ್ತರ ಕೊಟ್ಟು ವೈಶಂಪಾಯನ ಸರೋವರದ ಕಡೆಗೆ ತಿರುಗುತ್ತಾನೆ. ಹಿರಿಯರಿಗೆ ನಮಸ್ಕಾರವುಂಟು, ಹಿರಿಯರ ಮಾತಿಗೆ ಮನ್ನಣೆಯಿಲ್ಲ. ಕುಟುಂಬದ ಆಚಾರವು ಉಳಿದು ಕುಟುಂಬವು ಹೋಯಿತು.

೫

ಪಾಂಡವರ ಪಕ್ಷವನ್ನು ಇದಕ್ಕೆ ನಿರ್ದೋಷವಾದ ಪ್ರತಿಪಕ್ಷವೆಂದು ರನ್ನನು ಚಿತ್ರಿಸಿಲ್ಲ. ಕಾವ್ಯವು ತೊಡಗುವುದೇ ಮುಡಿಬಿಚ್ಚಿದ ದ್ರೌಪದಿಯು ಭೀಮನನ್ನು ಕೆರಳಿಸುವ ಮಾತಿನಿಂದ. ಅಲ್ಲಿಯೂ ಮನೆಯೊಳಗಿನ ಪ್ರೀತಿ, ಮನೆಯವಳಿಗಾದ ಅವಮಾನ, ಇವೇ ಕೊಲೆಗೆ ಪ್ರೇರಕಗಳು. ಭೀಮನು ದುಶ್ಶಾಸನನ ಎದೆಯನ್ನು ಬಗಿದುದೂ ದುರ್ಯೋಧನನ ತೊಡೆಯನ್ನು ಮುರಿಯಹೊರಟುದೂ ಹೆಂಡತಿಯ ಮೇಲಣ ಪ್ರೇಮದಿಂದಲೇ. ಆದರೂ ಒಂದು ಭೇದವನ್ನು ಮರೆಯಲಾಗದು. ದ್ಯೂತಸಭೆಯ ಅಪರಾಧವು ಮಾಡಲ್ಪಟ್ಟಿತ್ತು, ಅದಕ್ಕೆ ಪ್ರಾಯಶ್ಚಿತ್ತವಾಗಿರಲಿಲ್ಲ. ಅನ್ಯಾಯವನ್ನು ಮುಚ್ಚಿಟ್ಟು ಬೆಸೆಯುವ ಬಂಧುತ್ವವು ನಿಲ್ಲಲಾರದು. ಆದ್ದರಿಂದ ಬಂಧುಭಾವವೆಂದರೆ ಎಲ್ಲವನ್ನೂ ಸಹಿಸಿಕೊಂಡಿರುವುದೆಂಬ ಸುಲಭವಾದ ನೀತಿಯನ್ನು ಗದಾಯುದ್ಧದಿಂದ ತೆಗೆಯುವುದು ಸಾಧುವಲ್ಲ. ದುರ್ಯೋಧನನು ತನ್ನ ತಮ್ಮನಿಗಾಗಿ ಅತ್ತಾಗ ಆ ತಮ್ಮನು ಸಭೆಯಲ್ಲಿ ಯಾರ ಮುಡಿಯನ್ನು ಹಿಡಿದೆಳೆದನೆಂಬುದನ್ನು ಒಮ್ಮೆಯಾದರೂ ನೆನೆದಿದ್ದರೆ, ಸಂಧಿಗೆ ಬಾಗಿಲು ತೆರೆಯುತ್ತಿತ್ತು. ಎಳವೆಯ ಮೊಲೆಹಾಲು ನೆನಪಾದವನಿಗೆ ಸಭೆಯ ದಿನವು ನೆನಪಾಗಲಿಲ್ಲ.

೬

ಇದೇ ಕವಿಯ ಮತ್ತೊಂದು ಕೃತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಮೇಲಿನ ಅಭಿಪ್ರಾಯವು ದೃಢವಾಗುತ್ತದೆ. ರನ್ನನು ೯೯೩ರಲ್ಲಿ ಪೂರೈಸಿದ 'ಅಜಿತತೀರ್ಥಕರಪುರಾಣ'ವನ್ನು ಬರೆಯಿಸಿದವಳು ಅತ್ತಿಮಬ್ಬೆ. ಅದರಲ್ಲಿ ಅವಳ ಮನೆತನದ ವೃತ್ತಾಂತವು ವಿಸ್ತಾರವಾಗಿ ಬಂದಿದೆ. ಮಲ್ಲಪನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆಯರಿಬ್ಬರೂ ನಾಗದೇವನ ಪತ್ನಿಯರು. ನಾಗದೇವನು ಮಡಿದಾಗ ಗುಂಡಮಬ್ಬೆಯು ಸಹಗಮನವನ್ನು ಕೈಕೊಂಡಳು. ಅತ್ತಿಮಬ್ಬೆಯು ಮಗನಾದ ಅಣ್ಣಿಗನಿಗಾಗಿ ಉಳಿದಳು. ಒಂದೇ ಕಾಲಕ್ಕೆ ಗಂಡನನ್ನೂ ತಂಗಿಯನ್ನೂ ಕಳೆದುಕೊಂಡ ಈಕೆಯ ಶೋಕವು ದುರ್ಯೋಧನನ ಶೋಕಕ್ಕಿಂತ ಚಿಕ್ಕದಲ್ಲ. ಆದರೆ ಅದು ಹರಿದ ದಾರಿ ಬೇರೆ. ಅವಳು ಜಿನಬಿಂಬಗಳನ್ನು ಮಾಡಿಸಿ ದಾನಕೊಟ್ಟಳು. ಪೊನ್ನನ 'ಶಾಂತಿಪುರಾಣ'ವು ಅಳಿದುಹೋಗದಂತೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ ೧೦೦೭ರ ಶಾಸನವು ಅವಳ ದಾನಶೀಲವನ್ನು ಸಾರುತ್ತದೆ. ಅವಳು ಉಳಿಯಿಸಿದ ಶಾಂತಿಪುರಾಣವಾದರೋ ಅವಳ ತಂದೆಯಾದ ಮಲ್ಲಪನೂ ಅವನ ಸೋದರನಾದ ಪುನ್ನಮಯ್ಯನೂ ಕೂಡಿ ಬರೆಯಿಸಿದುದು. ಅಣ್ಣತಮ್ಮಂದಿರ ಪುದುವಾಳ್ಕೆಯ ಫಲವನ್ನು ಮಗಳು ಕಾಪಾಡಿ ನಾಡಿಗೆ ಕೊಟ್ಟಳು.

ಒಬ್ಬನ ಶೋಕವು ಛಲವಾಯಿತು, ಒಬ್ಬಳ ಶೋಕವು ದಾನವಾಯಿತು. ಎರಡನ್ನೂ ಹತ್ತಿರದಿಂದ ಕಂಡು ಬರೆದ ಕವಿಯು ಒಬ್ಬನೇ.

ಕವಿಯ ಸ್ವಂತ ಬಾಳಿನಲ್ಲಿಯೂ ಇದಕ್ಕೆ ಹೊಂದುವ ಸಾಕ್ಷ್ಯವಿದೆ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ, ಒಡಹುಟ್ಟಿದವರು, ಹೆಂಡಿರಾದ ಜಕ್ಕಿ ಮತ್ತು ಶಾಂತಿ ಇವರೆಲ್ಲರನ್ನೂ ಕಾವ್ಯದಲ್ಲಿ ಹೆಸರಿಸಿ ನೆನೆದಿದ್ದಾನೆ. ಕವಿಚಕ್ರವರ್ತಿಯೆಂಬ ಬಿರುದು ಬಂದ ಮೇಲೂ ಬಳೆಯ ಮಲಾರವನ್ನು ಹೊತ್ತ ಕುಲವನ್ನು ಅವನು ಮರೆಮಾಚಲಿಲ್ಲ. ತನ್ನ ಮಗನಿಗೆ ಪೋಷಕನಾದ ಚಾವುಂಡರಾಯನ ನೆನಪಿನಿಂದ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಆಶ್ರಯಕೊಟ್ಟವರ ಹೆಸರನ್ನು ಮನೆಯೊಳಗೆ ಕರೆದು ಮಕ್ಕಳ ಹೆಸರಾಗಿ ಮಾಡಿಕೊಳ್ಳುವುದೆಂದರೆ ಮನೆಯ ಗೋಡೆಯನ್ನು ಹಿಗ್ಗಿಸಿದಂತೆ. ಹೆರವರನ್ನು ಹೀಗೆ ಒಳಗುಮಾಡಿಕೊಂಡ ಗೃಹಸ್ಥನೊಬ್ಬನು, ಒಳಗಿನವರನ್ನೇ ಹೆರವರನ್ನಾಗಿ ಮಾಡಿಕೊಂಡ ಅರಸನ ಕಥೆಯನ್ನು ಬರೆದನೆಂಬುದನ್ನು ವಿಮರ್ಶೆಯು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

೭

ಪಾಠಶಾಲೆಗಳಲ್ಲಿ ದುರ್ಯೋಧನವಿಲಾಪವನ್ನು ಬಿಡಿಯಾದ ಪಾಠವಾಗಿ ಬೋಧಿಸುವ ವಾಡಿಕೆಯುಂಟು. ಭಾಗವು ಅಷ್ಟು ಸೊಗಸಾಗಿರುವುದರಿಂದ ಇದು ಸ್ವಾಭಾವಿಕವೇ. ಆದರೆ ವಿಲಾಪಕ್ಕೆ ಮುಂಚಿನ ಸಂಧಿನಿರಾಕರಣೆಯನ್ನೂ ವಿಲಾಪದ ನಂತರದ ಭೀಷ್ಮಸಂವಾದವನ್ನೂ ಬಿಟ್ಟು ನಡುವಣದನ್ನು ಮಾತ್ರ ಓದಿದ ವಿದ್ಯಾರ್ಥಿಯು, 'ಬಂಧುಗಳಿಗಾಗಿ ಅಳುವವನು ಒಳ್ಳೆಯವನು' ಎಂಬ ತಿಳಿವಳಿಕೆಯೊಂದನ್ನೇ ಹೊತ್ತುಕೊಂಡು ಹೋಗುತ್ತಾನೆ. ಕಾವ್ಯವು ಹೇಳುವುದು ಅದಕ್ಕಿಂತ ಕಠಿನವಾದುದು. ಅಳುವುದು ಎಲ್ಲರಿಗೂ ಬರುತ್ತದೆ. ಅತ್ತ ಮೇಲೆ ಬದುಕಿರುವವರೊಡನೆ ಏನು ಮಾಡಬೇಕೆಂಬುದೇ ಪರೀಕ್ಷೆ. ಅಧ್ಯಾಪಕರು ಮೂರು ಭಾಗಗಳನ್ನೂ ಒಟ್ಟಿಗೆ ಬೋಧಿಸುವುದು ಯುಕ್ತ. ಬಿಡುವಿಲ್ಲದಿದ್ದಲ್ಲಿ, ಅಭಿಮನ್ಯುವಿನ ಪ್ರಸಂಗವನ್ನೂ ಸಂಧಿಯ ನಿರಾಕರಣೆಯನ್ನೂ ಎದುರುಬದುರಾಗಿಟ್ಟರೂ ಸಾಕು. ಪ್ರಶ್ನೆಯು ವಿದ್ಯಾರ್ಥಿಯ ಮನಸ್ಸಿನಲ್ಲಿ ತಾನಾಗಿಯೇ ಏಳುತ್ತದೆ.

ಪಂಪನ ಹದಿಮೂರನೆಯ ಆಶ್ವಾಸದ ಒಂದು ಪ್ರಸಂಗವು ಈ ವಿಚಾರಕ್ಕೆ ಉಪಸಂಹಾರವಾಗಲು ತಕ್ಕುದಾಗಿದೆ. ತೊಡೆಮುರಿದು ಬಿದ್ದಿರುವ ದುರ್ಯೋಧನನ ಮುಂದೆ ಅಶ್ವತ್ಥಾಮನು, ಪಾಂಡವರವೆಂದು ಭಾವಿಸಿ, ಐದು ತಲೆಗಳನ್ನು ತಂದಿಡುತ್ತಾನೆ. ಅರಸನು ನೋಡಿ, ಇವು ಅವರ ಮಕ್ಕಳ ತಲೆಗಳೆಂದು ಗುರುತಿಸಿ, ಹಿಗ್ಗುವುದಕ್ಕೆ ಬದಲಾಗಿ ನೊಂದುಕೊಂಡು, ಬಾಲವಧೆಯನ್ನು ಮಾಡಿದವನಿಗೆ ತಪಸ್ಸೇ ಗತಿಯೆಂದು ಹೇಳುತ್ತಾನೆ. ಸಾಯುವವನ ಕಣ್ಣಿಗೆ ಆ ತಲೆಗಳು ಹಗೆಗಳ ತಲೆಗಳಾಗಿ ಕಾಣಲಿಲ್ಲ. ಕುಲದ ಕೂಸುಗಳ ಮುಖಗಳಾಗಿ ಕಂಡುವು. ಪಂಪನು ಕಥೆಯ ತುದಿಯಲ್ಲಿ ತೋರಿಸಿದ ಈ ತಿಳಿವನ್ನು ರನ್ನನು ಅಭಿಮನ್ಯುವಿನ ಶವದ ಬಳಿಗೆ, ಯುದ್ಧವು ಮುಗಿಯುವುದಕ್ಕೆ ಮುಂಚೆಯೇ ತಂದನು. ಅಭಿಮನ್ಯುವು ತಮ್ಮನ ಮಗನಾದುದರಿಂದ ಒಂದರ್ಥದಲ್ಲಿ ಭ್ರಾತೃವ್ಯ; ಪರಪಕ್ಷದ ಯೋಧನಾದುದರಿಂದ ಇನ್ನೊಂದರ್ಥದಲ್ಲಿಯೂ ಭ್ರಾತೃವ್ಯ. ಅವನ ಹೆಣದ ಮುಂದೆ ದುರ್ಯೋಧನನು ಆ ಶಬ್ದವನ್ನು ಮೊದಲನೆಯ ಸ್ವರದಲ್ಲಿ ಉಚ್ಚರಿಸಿದನು. ಅದೇ ಸ್ವರದಲ್ಲಿ ಬದುಕಿದ್ದವರನ್ನೂ ಒಮ್ಮೆ ಕರೆದಿದ್ದರೆ, ಗದಾಯುದ್ಧಕ್ಕೆ ಕಾರಣವೇ ಉಳಿಯುತ್ತಿರಲಿಲ್ಲ.